90 ದಿನದ ಉದ್ರಿ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಬೇಡ, ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಬೈಂಡಿಂಗ್ ಸಹಕಾರ ಸಂಘದಲ್ಲಿ 90 ದಿನದ ಉದ್ರಿ ಇರುವುದಿಲ್ಲ. ಆರ್ಡರ್ ಕೊಡುವಾಗ ಬಿಲ್ಲಿನ ಅರ್ಧ ಮುಂಗಡ ಕೊಡಬೇಕು. ಉಳಿದ ಅರ್ಧವನ್ನು ಮಾಲು ನಿಮ್ಮ ಕೈ ಸೇರಿದ 30 ದಿನದೊಳಗೆ ಕಟ್ಟಬೇಕು. ಜೊತೆಗೆ, ಲೆಕ್ಕದ ಪುಸ್ತಕಗಳನ್ನು ಇನ್ನು 14 ಅಳತೆಗಳ ಬದಲು 6 ಅಳತೆಗಳಲ್ಲಿ ಮಾತ್ರ ಕಟ್ಟುತ್ತೇವೆ. ದರ ಈ ವರ್ಷ ಏರಿಸುವುದಿಲ್ಲ. ಇಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ‘ಇದ್ದಕ್ಕಿದ್ದ ಹಾಗೆ ಯಾಕಪ್ಪಾ’ ಅನ್ನುವವರಿಗೆ ಉಳಿದ ಪತ್ರ.

ಕಳೆದ ವರ್ಷದ ಲೆಕ್ಕ ಮುಗಿಸಿದಾಗ ಪುಸ್ತಕದಲ್ಲಿ ಲಾಭ ಕಾಣುತ್ತಿತ್ತು. ಹಿಂದಿನ ಯಾವ ವರ್ಷಕ್ಕಿಂತಲೂ ಜಾಸ್ತಿ ಕೆಲಸ ಮಾಡಿದ್ದೆವು. ಅದೇ ವಾರ ಸಂಬಳದ ದಿನ ಕ್ಯಾಶ್ ಪೆಟ್ಟಿಗೆ ತೆಗೆದರೆ ಅರ್ಧ ಜನಕ್ಕೆ ಸಾಲುವಷ್ಟೂ ದುಡ್ಡಿರಲಿಲ್ಲ. ಹೊಲಿಗೆ ಮೇಜಿನ ಇಬ್ಬರು ಸದಸ್ಯರು ‘ನಮ್ಮದು ಆಮೇಲೆ ನೋಡೋಣ, ಮೊದಲು ಉಳಿದವರಿಗೆ ಕೊಡಿ’ ಅಂದರು. ಅವರಿಗೆ ಸಂಬಳ ಸಿಕ್ಕಿದ್ದು 11 ದಿನ ತಡವಾಗಿ. ಅವತ್ತು ಸಂಜೆ ಲೆಕ್ಕ ಬರೆಯುವ ಅಕ್ಕ ಬಾಕಿ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿಟ್ಟರು. ಮೂರು ಪುಟ, ಮೇಲಿಂದ ಕೆಳಗೆ ಬರೀ ಹೆಸರು. ಹಣ ಬಂದ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುವುದು ಅವರ ಅಭ್ಯಾಸ. ಮೂರನೇ ಪುಟದಲ್ಲಿ ಒಂದೇ ಒಂದು ಟಿಕ್ ಇತ್ತು. ‘ನಮ್ಮ ಲಾಭ ಇಲ್ಲಿದೆ ನೋಡಿ’ ಅಂದರು.

ಲೆಕ್ಕದ ಪುಸ್ತಕ ಕಟ್ಟಿ ಮಾರುವವರಿಗೇ ಲೆಕ್ಕ ಹೀಗೆ ಕೈ ಕೊಟ್ಟಿತು ಅಂದರೆ ನಗು ಬರುತ್ತದೆ, ಅಲ್ವಾ? ಆದರೆ ಪುಸ್ತಕದಲ್ಲಿ ತಪ್ಪೇನೂ ಇರಲಿಲ್ಲ. ಮಾಲು ಹೊರಟು ಬಿಲ್ ಹಾಕಿದ ದಿನವೇ ಅದು ಆದಾಯ ಅಂತ ಬರೆಯುತ್ತೇವೆ. ಇನ್ನೊಂದು ಕಡೆ ಅದೇ ಮೊತ್ತ ‘ಬರಬೇಕಾದ ಬಾಕಿ’ ಅಂತ ಕೂರುತ್ತದೆ. ಪ್ರತಿ ವ್ಯವಹಾರವನ್ನೂ ಹೀಗೆ ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ವರ್ತಕರು ಬಹಳ ಹಿಂದೆಯೇ ರೂಢಿಸಿಕೊಂಡಿದ್ದರು. ಲೂಕಾ ಪಾಚೋಲಿ ಎಂಬ ಸನ್ಯಾಸಿ, ಗಣಿತದ ಮೇಷ್ಟ್ರು, 1494ರಲ್ಲಿ ವೆನಿಸ್‌ನಲ್ಲಿ ಅದನ್ನು ವಿವರವಾಗಿ ಅಚ್ಚು ಹಾಕಿಸಿದ. ಐನೂರು ವರ್ಷ ದಾಟಿದರೂ ನಾವೆಲ್ಲ ಬರೆಯುವುದು ಹಾಗೆಯೇ. ಪದ್ಧತಿ ಹೇಳುವುದನ್ನು ಸರಿಯಾಗಿಯೇ ಹೇಳುತ್ತದೆ. ನಾವು ಓದುವಾಗ ಒಂದು ಪುಟ ಮಾತ್ರ ಓದಿದೆವು. ಲಾಭ ಎಷ್ಟು ಅಂತ ನೋಡಿ ಖುಷಿಪಟ್ಟು, ಅದು ಯಾರ ಹತ್ತಿರ ಇದೆ ಅಂತ ನೋಡಲಿಲ್ಲ.

ಒಂದು ಆರ್ಡರಿನ ಕಥೆ ಕೇಳಿ. ನೀವು 500 ಲೆಡ್ಜರ್ ಬೇಕು ಅಂತೀರಿ. ಕಾಗದದವರು ಹಣ ಕೈಗೆ ಬರದೆ ರೀಮು ಇಳಿಸುವುದಿಲ್ಲ. ರಟ್ಟು, ನೂಲು, ಕ್ಯಾಲಿಕೊ ಬಟ್ಟೆ, ಅಂಟು ಎಲ್ಲಾ ಅದೇ ವಾರ ಬರಬೇಕು. ಗೆರೆ ಹಾಕಿಸಿ, ಮಡಚಿ, ಫಾರಂ (ಮಡಚಿದ ಹಾಳೆಗಳ ಕಟ್ಟು) ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ ಒಂದು ರಾತ್ರಿ ಭಾರದ ಕೆಳಗೆ ಒಣಗಲು ಇಡಬೇಕು. ಅವಸರ ಮಾಡಿದರೆ ಬೆನ್ನು ಸೊಟ್ಟಗಾಗುತ್ತದೆ. ಆಮೇಲೆ ಮೂರು ಅಂಚು ಕತ್ತರಿಸಿ ರಟ್ಟು ಹಾಕಬೇಕು. ಎಲ್ಲಾ ಸೇರಿ 20 ದಿನ. ಅಲ್ಲಿಂದ ನಿಮ್ಮ 90 ದಿನ ಶುರು. ಅಂದರೆ ಕಾಗದಕ್ಕೆ ಕೊಟ್ಟ ಹಣ 110 ದಿನ ನಮ್ಮ ಕೈಗೆ ವಾಪಸ್ ಬರುವುದಿಲ್ಲ. ಅಷ್ಟರಲ್ಲಿ ಇನ್ನೂ ಐದಾರು ಆರ್ಡರಿಗೆ ಕಾಗದ ತರಬೇಕು. ಸಂಬಳದ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ.

ಈಗ ಬಿಲ್ಲನ್ನು 100 ಭಾಗ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 55 ಭಾಗ ಕಾಗದ ಮತ್ತು ಸಾಮಾನಿಗೆ, 30 ಸಂಬಳಕ್ಕೆ, 9 ಬಾಡಿಗೆ, ಕರೆಂಟು, ಬ್ಲೇಡ್ ಸಾಣೆ, ಯಂತ್ರದ ಸವಕಳಿಗೆ ಹೋಗುತ್ತದೆ. ಉಳಿಯುವುದು 6. ಹೊರಗೆ ಸಿಕ್ಕಿಕೊಂಡ ಹಣದ ಜಾಗಕ್ಕೆ ಸಾಲ ತಂದೆವು ಅನ್ನಿ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಹಿಡಿದರೆ, ಆ 110 ದಿನಕ್ಕೆ ಬಡ್ಡಿಯೇ 3 ಭಾಗ ದಾಟುತ್ತದೆ. ಉಳಿದ 6ರಲ್ಲಿ ಅರ್ಧ ಸುಮ್ನೆ ಕಾಯುವುದಕ್ಕೇ ಹೋಯಿತು. ನೀವು 90ನ್ನು 120 ಮಾಡಿದರೆ ಇನ್ನೊಂದು ಭಾಗ ಹತ್ತಿರ ಹತ್ತಿರ ಹೋಗುತ್ತದೆ. ಹೊಸ ವ್ಯವಸ್ಥೆಯಲ್ಲಿ ಮುಂಗಡದ 50 ಭಾಗ ಕಾಗದದ ಖರ್ಚನ್ನು ಹೆಚ್ಚುಕಡಿಮೆ ತುಂಬುತ್ತದೆ. ಮಿಕ್ಕಿದ್ದಕ್ಕೆ ಬಡ್ಡಿ ಹಿಡಿದರೂ ಒಂದು ಭಾಗ ಮುಟ್ಟುವುದಿಲ್ಲ. ದರ ಏರಿಸದೆ ನಡೆಸುತ್ತೇವೆ ಅನ್ನುವ ಧೈರ್ಯ ಬಂದಿದ್ದು ಈ ಲೆಕ್ಕದಿಂದಲೇ.

ನಮಗೆ ತಲೆಗೆ ಹತ್ತಲು ತಡವಾದ ವಿಷಯ ಇನ್ನೊಂದಿದೆ. ಆರ್ಡರ್ ಜಾಸ್ತಿಯಾದರೆ ಕಷ್ಟ ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆವು. ಉದ್ರಿ ವ್ಯಾಪಾರದಲ್ಲಿ ಅದು ಉಲ್ಟಾ. ಆರ್ಡರ್ ಎರಡು ಪಟ್ಟಾದರೆ, ಹಣ ಬರುವ ಮೊದಲೇ ಕೈಯಿಂದ ಹಾಕಬೇಕಾದ್ದೂ ಎರಡು ಪಟ್ಟು. ಇದನ್ನೇ ದುಡಿಯುವ ಬಂಡವಾಳ ಅಂತಾರೆ. ಯಂತ್ರಕ್ಕೆ ಹಾಕಿದ ಬಂಡವಾಳ ಕಣ್ಣೆದುರು ನಿಂತಿರುತ್ತದೆ. ಇದು ಕಾಗದವಾಗಿ, ಅರೆಬರೆ ಹೊಲಿದ ಕಟ್ಟಾಗಿ, ಬಾಕಿ ಪುಟದ ಸಾಲಾಗಿ ರೂಪ ಬದಲಿಸುತ್ತಾ ಸುತ್ತುತ್ತದೆ. ಎಲ್ಲಾದರೂ ನಿಂತರೆ ಗೊತ್ತೇ ಆಗುವುದಿಲ್ಲ, ಸಂಬಳದ ದಿನದವರೆಗೆ.

‘ಬ್ಯಾಂಕಿನಲ್ಲಿ ಸಾಲ ತಗೊಳ್ಳಿ’ ಅಂತ ಕೆಲವರು ಹೇಳಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಕಟಿಂಗ್ ಮೆಷಿನ್‌ಗೆ ಸಾಲ ಮಾಡಿದ್ದೇವೆ, ಅದರ ಬಗ್ಗೆ ಬೇಸರವಿಲ್ಲ. ಹತ್ತು ವರ್ಷ ದುಡಿಯುವ ಯಂತ್ರಕ್ಕೆ ಕೆಲವು ವರ್ಷದಲ್ಲಿ ತೀರಿಸುವ ಸಾಲ ಸರಿಹೊಂದುತ್ತದೆ. ಬೇರೆಯವರು ತಡ ಮಾಡಿದ್ದಕ್ಕೆ ನಾವು ಸಾಲ ಮಾಡುವುದು ಬೇರೆ ಮಾತು. ಆ ಸಾಲ ಮುಗಿಯುವುದೇ ಇಲ್ಲ, ಒಂದು ಬಾಕಿ ಬರುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ.

ಸರ್ವಸದಸ್ಯರ ಸಭೆಯಲ್ಲಿ ಇದರ ಮೇಲೆ ಎರಡೂವರೆ ಗಂಟೆ ಚರ್ಚೆ ನಡೆಯಿತು. ಚರ್ಚೆ ಅನ್ನುವುದು ಮರ್ಯಾದೆಯ ಮಾತು. ‘ಗ್ರಾಹಕರು ಓಡಿಹೋಗುತ್ತಾರೆ’ ಅಂತ ಅರ್ಧ ಜನ, ‘ಹಣ ಕೊಡದವರು ಇದ್ದರೆಷ್ಟು ಬಿಟ್ಟರೆಷ್ಟು’ ಅಂತ ಉಳಿದ ಅರ್ಧ. ಆಗ ಹಿರಿಯ ಸದಸ್ಯರೊಬ್ಬರು ರೋಚ್‌ಡೇಲ್‌ನ ಕಥೆ ತೆಗೆದರು. ಇಂಗ್ಲೆಂಡಿನ ಆ ಊರಲ್ಲಿ 1844ರಲ್ಲಿ 28 ಜನ ಸೇರಿ ಸಹಕಾರಿ ಅಂಗಡಿ ತೆರೆದರು. ಅವರಲ್ಲಿ ಹಲವರು ನೇಕಾರರು. ಇವತ್ತಿನ ಸಹಕಾರ ಸಂಘಗಳ ನಿಯಮಗಳ ಬೇರು ಅಲ್ಲಿದೆ. ಒಬ್ಬರಿಗೆ ಒಂದೇ ಮತ, ಖರೀದಿಗೆ ತಕ್ಕ ಹಾಗೆ ಲಾಭದಲ್ಲಿ ಪಾಲು, ಇವೆಲ್ಲ ಎಲ್ಲರಿಗೂ ನೆನಪಿರುತ್ತದೆ. ‘ನಗದು ವ್ಯಾಪಾರ ಮಾತ್ರ’ ಅನ್ನುವುದೂ ಅವರ ನಿಯಮವಾಗಿತ್ತು ಅನ್ನುವುದನ್ನು ಮಾತ್ರ ಮರೆಯುತ್ತೇವೆ. ಅದೇ ಊರಲ್ಲಿ ಕೆಲವು ವರ್ಷ ಮೊದಲು ಶುರುವಾದ ಇನ್ನೊಂದು ಸಹಕಾರಿ ಅಂಗಡಿ ಉದ್ರಿ ಕೊಟ್ಟೂ ಕೊಟ್ಟೂ ಬಾಗಿಲು ಹಾಕಿತ್ತು. ಅದನ್ನು ಅವರು ಕಣ್ಣಾರೆ ಕಂಡಿದ್ದರು. ಗಿರಾಕಿಗಳೂ ಬಡವರೇ, ಸದಸ್ಯರೂ ಬಡವರೇ. ಆದರೂ ಉದ್ರಿ ಇಲ್ಲ ಅಂದರು. ನಾವು ಅಷ್ಟು ಕಟ್ಟುನಿಟ್ಟು ಆಗಲಿಲ್ಲ, 30 ದಿನ ಉಳಿಸಿಕೊಂಡಿದ್ದೇವೆ. ಸಭೆ ಒಪ್ಪಿದ್ದು ಅಷ್ಟಕ್ಕೆ.

ಇನ್ನು ಅಳತೆಗಳ ವಿಷಯ. 14 ಅಳತೆಯಲ್ಲಿ ಪುಸ್ತಕ ಸಿಗುತ್ತದೆ ಅನ್ನುವುದು ನಮ್ಮ ಹೆಮ್ಮೆಯಾಗಿತ್ತು. ಯಾವ ಅಳತೆಯಿಂದ ಎಷ್ಟು ಗಿಟ್ಟುತ್ತದೆ ಅಂತ ಬಿಡಿಸಿ ನೋಡಿರಲಿಲ್ಲ. ಜೋಸಯ್ಯಾ ವೆಜ್‌ವುಡ್ ಅಂತ ಪಿಂಗಾಣಿ ಪಾತ್ರೆ ಮಾಡಿಸುತ್ತಿದ್ದ ಇಂಗ್ಲಿಷ್ ವ್ಯಾಪಾರಿ 1772ರಲ್ಲಿ, ವ್ಯಾಪಾರ ಬಿದ್ದಾಗ, ಕೂತು ಪ್ರತಿ ಪಾತ್ರೆಗೂ ಏನೇನು ಖರ್ಚು ಅಂತ ಬಿಡಿಸಿದ. ಕೆಲವು ಖರ್ಚು ಕಮ್ಮಿ ಮಾಲು ಮಾಡಿದರೂ ಹೆಚ್ಚು ಮಾಡಿದರೂ ಅಷ್ಟೇ ಇರುತ್ತದೆ ಅಂತ ಅವನಿಗೆ ಗೊತ್ತಾಯಿತು. ಹಾಗೆ ಲೆಕ್ಕ ಕೆದಕುವಾಗ ಗುಮಾಸ್ತನೊಬ್ಬ ದುಡ್ಡು ಹೊಡೆಯುತ್ತಿದ್ದದ್ದೂ ಸಿಕ್ಕಿತು. ನಮಗೆ ಅಂಥದ್ದೇನೂ ಸಿಗಲಿಲ್ಲ, ಸಿಕ್ಕಿದ್ದು ಬರೀ ಸಮಯ. ಒಂದು ಅಳತೆಯಿಂದ ಇನ್ನೊಂದಕ್ಕೆ ಮೆಷಿನ್ ಹೊಂದಿಸಲು, ಎರಡು ಪ್ರತಿ ಕತ್ತರಿಸಿ ಹಾಳು ಮಾಡಿ ಸರಿ ನೋಡಲು, 40 ನಿಮಿಷ ಹಿಡಿಯುತ್ತಿತ್ತು. 500 ಪುಸ್ತಕಕ್ಕೂ ಅಷ್ಟೇ, 20 ಪುಸ್ತಕಕ್ಕೂ ಅಷ್ಟೇ. ಆ 20 ಪುಸ್ತಕದ ಮಟ್ಟಿಗೆ ಅದು ಮೂಗಿಗಿಂತ ಮೂಗುತಿ ಭಾರ.

ಇದರಲ್ಲಿ ಅರ್ಧ ತಪ್ಪು ನಮ್ಮದೇ. ಜಪಾನಿನ ಎಂಜಿನಿಯರ್ ಶಿಗೆಯೋ ಶಿಂಗೊ 1969ರಲ್ಲಿ ಟೊಯೊಟಾ ಕಾರ್ ಕಂಪನಿಯ, ತಗಡು ಒತ್ತುವ 1,000 ಟನ್ ಪ್ರೆಸ್ಸಿನ ಅಚ್ಚು ಬದಲಿಸಲು ಹಿಡಿಯುತ್ತಿದ್ದ 4 ಗಂಟೆಯನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಗುಟ್ಟು ಸರಳ. ಯಂತ್ರ ನಿಲ್ಲಿಸಿದ ಮೇಲೆ ಮಾಡುವ ಕೆಲಸಗಳಲ್ಲಿ ಯಾವುದನ್ನು ಅದು ಓಡುತ್ತಿರುವಾಗಲೇ ಮಾಡಿಡಬಹುದು ಅಂತ ನೋಡುವುದು. ನಾವೂ ಅದನ್ನೇ ಮಾಡಿದೆವು. ಪ್ರತಿ ಅಳತೆಗೂ ಒಂದು ಮರದ ಪಟ್ಟಿ ಕತ್ತರಿಸಿ, ಬಣ್ಣ ಹಚ್ಚಿ, ಮೆಷಿನ್ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ಈಗ ಪಟ್ಟಿ ಇಟ್ಟು, ಮೆಷಿನ್ನಿನ ಗೈಡ್ (ಕಾಗದ ತಡೆದು ನಿಲ್ಲಿಸುವ ಭಾಗ) ತಂದು ಒತ್ತಿದರೆ ಅಳತೆ ಸಿಕ್ಕಿತು. 40 ನಿಮಿಷ 12 ಆಗಿದೆ. ಶಿಂಗೊ ನೋಡಿದರೆ ಮೆಚ್ಚುತ್ತಿರಲಿಲ್ಲ ಬಿಡಿ. ಅಷ್ಟಾದರೂ 8 ಅಳತೆ ಗಿಟ್ಟುವುದಿಲ್ಲ ಅಂತ ಲೆಕ್ಕ ಹೇಳಿತು, ಬಿಟ್ಟೆವು.

ಕೈಗೆ ಬೇಗ ಬಂದ ಹಣದಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರೆ, ಮೊದಲು ಎರಡು ತಿಂಗಳ ಸಂಬಳಕ್ಕೆ ಸಾಲುವಷ್ಟು ಮೀಸಲು. ಅದು ತುಂಬುವವರೆಗೆ ಸದಸ್ಯರಿಗೆ ಲಾಭದ ಪಾಲು ಹಂಚುವುದಿಲ್ಲ. ಆಮೇಲೆ, ಉಳಿದ ಲಾಭದ ಹತ್ತರಲ್ಲಿ ಒಂದು ಭಾಗ ಹೊಸದನ್ನು ಮಾಡಿ ನೋಡಲು. ಇದಕ್ಕೂ ಸಭೆಯಲ್ಲಿ ಗೊಣಗಾಟ ಇತ್ತು. ಕಾರಣವೂ ಇದೆ. ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುವ ಲೆಡ್ಜರ್ ಮಾಡಲು ಹೋಗಿ, ಹೊಸ ಅಂಟು ತಂದು, 60 ಪುಸ್ತಕ ಕಟ್ಟಿದ್ದೆವು. ತಿಂಗಳಲ್ಲಿ ಬೆನ್ನು ಬಿರುಕು ಬಿಟ್ಟು ಹಾಳೆ ಉದುರಿದವು. ಆ 60 ಇನ್ನೂ ನಮ್ಮ ಅಟ್ಟದ ಮೇಲಿವೆ.

ಅಂಟಿನ ಮಾತು ಬಂದಾಗಲೆಲ್ಲ ನನಗೆ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ನೆನಪಾಗುತ್ತಾರೆ. 1968ರಲ್ಲಿ ಗಟ್ಟಿ ಅಂಟು ಮಾಡಲು ಹೋಗಿ, ಅಂಟಿಸಿದರೆ ಸುಲಭವಾಗಿ ಬಿಟ್ಟುಕೊಳ್ಳುವ ಅಂಟು ಮಾಡಿದರು. ಅದರಿಂದ ಏನು ಉಪಯೋಗ ಅಂತ ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಜಾರಿ ಬೀಳುತ್ತದೆ ಅಂತ ಬೇಸತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈ ಅವರಿಗೆ, ಆ ಅಂಟನ್ನು ಚೀಟಿಗೆ ಹಚ್ಚಬಹುದು ಅಂತ 1974ರಲ್ಲಿ ಹೊಳೆಯಿತು. 1980ರಲ್ಲಿ ಅಮೆರಿಕದ ಉದ್ದಗಲಕ್ಕೂ ಪೋಸ್ಟ್-ಇಟ್ ಚೀಟಿ ಮಾರಾಟಕ್ಕೆ ಬಂತು. ಹನ್ನೆರಡು ವರ್ಷ. ನಮಗೆ ಅಷ್ಟು ಕಾಯುವ ತಾಕತ್ತಿಲ್ಲ. ಅದಕ್ಕೇ ಹತ್ತರಲ್ಲಿ ಒಂದು ಭಾಗ ಅಂತ ಬೇಲಿ ಹಾಕಿಕೊಂಡಿದ್ದೇವೆ. ಅಷ್ಟೂ ಹೋದರೂ ಸಂಬಳ ನಿಲ್ಲಬಾರದು. ಚಪ್ಪಟೆ ಲೆಡ್ಜರನ್ನು ಈ ಸಲ ಅಂಟಿನ ಮೇಲೆ ಭಾರ ಹಾಕದೆ ಹೊಲಿಗೆಯಲ್ಲೇ ಪ್ರಯತ್ನಿಸುತ್ತಿದ್ದೇವೆ. ಮೂರು ಮಾದರಿ ಮೇಜಿನ ಮೇಲಿವೆ, ದಿನಕ್ಕೆ ಐವತ್ತು ಸಲ ತೆಗೆದು ಮುಚ್ಚುವುದು ಈಗ ನನ್ನ ಕೆಲಸ.

ಕೆಲವು ಅನುಕೂಲಗಳನ್ನೂ ಮಾಡಿದ್ದೇವೆ. ಅರ್ಧ ಮುಂಗಡ ಒಟ್ಟಿಗೆ ಕಷ್ಟ ಅನ್ನುವವರು ವರ್ಷದ ಆರ್ಡರನ್ನು ನಾಲ್ಕು ಕಂತು ಮಾಡಿಕೊಳ್ಳಿ. ಪ್ರತಿ ಕಂತಿನ ಅರ್ಧ ಮಾತ್ರ ಮುಂಗಡ ಕೊಟ್ಟರೆ ಸಾಕು, ದರ ಪೂರ್ತಿ ಆರ್ಡರಿನದ್ದೇ ಹಾಕುತ್ತೇವೆ. ಪೂರ್ತಿ ಹಣ ಮೊದಲೇ ಕೊಡುವವರಿಗೆ ನೂರಕ್ಕೆ 1 ರಿಯಾಯಿತಿ. 2 ಕೊಡಿ ಅಂತ ಒಬ್ಬರು ಕೇಳಿದರು. ಲೆಕ್ಕ ಹಾಕಿ ನೋಡಿದೆವು, ನಮಗೆ ಉಳಿಯುವ ಬಡ್ಡಿ ಒಂದು ಭಾಗವೂ ಇಲ್ಲ. 1 ಕೊಡುವುದೇ ಪ್ರೀತಿಗೆ. ನಾವು ಹೇಳಿದ ದಿನಕ್ಕೆ ಮಾಲು ಕೊಡದಿದ್ದರೆ, ತಡವಾದಷ್ಟು ದಿನ ನಿಮ್ಮ 30 ದಿನಕ್ಕೆ ಸೇರುತ್ತದೆ. ಮುಂಗಡದ ಹಣ ಬೇರೆ ಖಾತೆಯಲ್ಲಿರುತ್ತದೆ, ನಿಮ್ಮ ಆರ್ಡರಿನ ಸಾಮಾನಿಗೆ ಬಿಟ್ಟು ಬೇರೆಯದಕ್ಕೆ ಮುಟ್ಟುವುದಿಲ್ಲ. ಬೇಕಾದರೆ ಬಂದು ಪುಟ ನೋಡಬಹುದು.

ಈಗಾಗಲೇ ಒಪ್ಪಿಕೊಂಡ ಆರ್ಡರುಗಳಿಗೆ ಹಳೆಯ 90 ದಿನವೇ. ಮಾತು ಕೊಟ್ಟಾಗಿದೆ. ಕೈಬಿಟ್ಟ 8 ಅಳತೆಯ ಪುಸ್ತಕ ಬೇಕಾದವರು ಈ ತಿಂಗಳ ಕೊನೆಯೊಳಗೆ ಹೇಳಿ. 200ಕ್ಕಿಂತ ಜಾಸ್ತಿ ಆದರೆ ಕೊನೆಯದಾಗಿ ಒಮ್ಮೆ ಕಟ್ಟಿಕೊಡುತ್ತೇವೆ.

ಇಷ್ಟು ವರ್ಷ ಹೇಳಿದ ದಿನಕ್ಕೆ ಹಣ ಕಳಿಸಿದವರೂ ಈ ಪತ್ರ ಓದುತ್ತಿದ್ದೀರಿ. ಯಾರೋ ತಡ ಮಾಡಿದ್ದಕ್ಕೆ ನಮಗೂ ಯಾಕೆ ಈ ನಿಯಮ ಅಂತ ನಿಮಗೆ ಅನ್ನಿಸಿದರೆ ಅದು ನ್ಯಾಯವೇ. ಒಬ್ಬೊಬ್ಬರಿಗೆ ಒಂದೊಂದು ನಿಯಮ ಮಾಡಲು ಹೋದರೆ ಯಾರು ಯಾವ ಸಾಲಿನಲ್ಲಿ ಅಂತ ತೀರ್ಮಾನಿಸುವ ಜಗಳ ನಮಗೆ ಬೇಡವಾಗಿತ್ತು, ಅದಕ್ಕೆ ಎಲ್ಲರಿಗೂ ಒಂದೇ ಮಾಡಿದೆವು.

ಬಾಕಿ ಇರುವವರಿಗೆ ಲೆಕ್ಕದ ಚೀಟಿ ಈ ಪತ್ರದ ಜೊತೆ ಲಗತ್ತಿಸಿದೆ. ನಿಮ್ಮ ಪುಸ್ತಕಕ್ಕೂ ನಮ್ಮದಕ್ಕೂ ತಾಳೆಯಾಗದಿದ್ದರೆ ಹಣ ಕಳಿಸುವ ಮೊದಲು ಒಂದು ಮಾತು ತಿಳಿಸಿ. ಲೆಕ್ಕದ ಅಕ್ಕ ಬೆಳಗಿನ ಹೊತ್ತು ಪೆನ್ಸಿಲ್ ಹಿಡಿದು ಕೂತಿರುತ್ತಾರೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಎಲ್ಲ ಸದಸ್ಯರ ಪರವಾಗಿ)