ಕಾಮಿನಿ ಗಿಡ ಕೊಳ್ಳಬೇಡಿ, ಹಣ್ಣಿನಿಂದ ಮಾಡಿಕೊಳ್ಳಿ

ಸಂಪಾದಕರೇ, ನಮಸ್ಕಾರ.

ಮಳೆಗಾಲ ಶುರುವಾಯಿತು ಅಂದರೆ ನರ್ಸರಿಗಳ ಮುಂದೆ ಕಾಮಿನಿ ಗಿಡದ ಸಾಲು. ಬೇಲಿಗೆ ಬೇಕು ಅಂತ ಹತ್ತು, ಇಪ್ಪತ್ತು ಗಿಡ ಒಟ್ಟಿಗೆ ಕೊಂಡೊಯ್ಯುವವರೇ ಜಾಸ್ತಿ. ಕಾಡು ಕರಿಬೇವು ಅಂತಲೂ ಕರೆಯುತ್ತಾರಲ್ಲ, ಒಳ್ಳೆ ಮಳೆ ಬಿದ್ದ ಮೇಲೆ ಮೈತುಂಬ ಬಿಳಿ ಹೂ ಬಿಟ್ಟು ರಾತ್ರಿಯೆಲ್ಲ ಬೀದಿಗೇ ಘಮ ಹರಡುತ್ತದೆ, ಆಮೇಲೆ ಕೆಂಪು ಕೆಂಪು ಸಣ್ಣ ಹಣ್ಣು ಬಿಡುತ್ತದೆ, ಅದೇ ಗಿಡ. ದಯವಿಟ್ಟು ಅದನ್ನು ಕೊಳ್ಳಬೇಡಿ, ಆ ಹಣ್ಣಿನಿಂದಲೇ ಮನೆಯಲ್ಲಿ ಸಸಿ ಮಾಡಿಕೊಳ್ಳಿ ಅಂತ ಕೇಳಿಕೊಳ್ಳುವುದಕ್ಕೆ ಈ ಪತ್ರ. ದುಡ್ಡು ಉಳಿಯುವ ಮಾತು ಹಾಗಿರಲಿ, ನನ್ನ ಚಿಂತೆ ನಿಂಬೆ ಗಿಡದ್ದು.

ಮೂರು ವರ್ಷದ ಹಿಂದೆ ನಾನೂ ಒಂದು ನರ್ಸರಿಯಿಂದ ಆರು ಗಿಡ ತಂದೆ. ಚಿಗುರು ಮುರುಟಿಕೊಂಡಿತ್ತು. ಕೇಳಿದ್ದಕ್ಕೆ ಬಿಸಿಲಿಗೆ ಹಾಗಾಗಿದೆ ಅಂದರು, ನಂಬಿದೆ. ತಿಂಗಳು ಕಳೆಯುವುದರೊಳಗೆ ಹಿತ್ತಲಲ್ಲಿ ನಮ್ಮಪ್ಪ ನೆಟ್ಟಿದ್ದ ನಿಂಬೆಯ ಚಿಗುರೂ ಮುರುಟಿತು, ಎಲೆಯೆಲ್ಲ ಅಂಟಂಟಾಯಿತು, ಇರುವೆ ಸಾಲು ಹತ್ತಿತು, ಮೇಲೆ ಮಸಿಯಂಥ ಕಪ್ಪು ಬೂಷ್ಟು. ಸಿಟ್ರಸ್ ಸಿಲ್ಲಾ ಅನ್ನುವ ಕೀಟ ಅದು. ಮೂರು ನಾಲ್ಕು ಮಿಲಿಮೀಟರ್ ಉದ್ದ, ಕಂದು ಬಣ್ಣ, ತಲೆ ತಗ್ಗಿಸಿ ಹಿಂಭಾಗ ಎತ್ತಿಕೊಂಡು ಕೂರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮರಿಗಳು ಹಳದಿ, ಬಿಳಿ ಮೇಣದ ಎಳೆ ಬಿಡುತ್ತಾ ಚಿಗುರಿನ ಸಂದಿಯಲ್ಲಿ ಅಂಟಿಕೊಂಡಿರುತ್ತವೆ.

ಕಾಮಿನಿ, ಕರಿಬೇವು, ನಿಂಬೆ, ಕಿತ್ತಳೆ ಎಲ್ಲ ಒಂದೇ ಕುಟುಂಬದವು. ಈ ಕೀಟಕ್ಕೆ ಕಾಮಿನಿ ಚಿಗುರು ಬಲು ಇಷ್ಟ. ಅದು ಸುಮ್ನೆ ರಸ ಹೀರಿ ಹೋಗುವುದಿಲ್ಲ, ಗಿಡದಿಂದ ಗಿಡಕ್ಕೆ ಗ್ರೀನಿಂಗ್ ರೋಗವನ್ನೂ ಹೊತ್ತು ತಿರುಗುತ್ತದೆ. ಈ ರೋಗ ಬಂದ ಕಿತ್ತಳೆ ಮರದ ಎಲೆಯಲ್ಲಿ ಹಳದಿ ತೇಪೆ, ಹಣ್ಣು ಸೊಟ್ಟ, ಆಮೇಲೆ ಮರವೇ ಸೊರಗುತ್ತದೆ. ವಾಸಿ ಮಾಡುವ ಮದ್ದು ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಈ ಕೀಟ ಕಾಣಿಸಿತು, ಅಂಗಡಿಗಳಲ್ಲಿ ಮಾರುತ್ತಿದ್ದ ಕಾಮಿನಿ ಕುಂಡಗಳ ಜೊತೆಗೇ ಊರೂರಿಗೆ ಹೋಯಿತು, 2005ರಲ್ಲಿ ರೋಗವೂ ಸಿಕ್ಕಿತು. ಅಲ್ಲಿನ ಕಿತ್ತಳೆ ತೋಟಗಳು ಇನ್ನೂ ಚೇತರಿಸಿಕೊಂಡಿಲ್ಲ. ನಮ್ಮಲ್ಲಿ ಕೊಡಗಿನ ಕಿತ್ತಳೆ ಇದೆ, ವಿಜಯಪುರದ ಇಂಡಿ ನಿಂಬೆ ಇದೆ. ಆ ಕಡೆಯವರಂತೂ ದೂರದೂರಿನ ಕುಂಡ ತರುವ ಮೊದಲು ಹತ್ತು ಸಲ ಯೋಚಿಸಬೇಕು, ಅಲ್ವಾ?

ಬೀಜದ ಜೊತೆ ಈ ಕೀಟ ಬರುವುದಿಲ್ಲ. ಕೆಲಸವೂ ಸುಲಭ. ಪೂರ್ತಿ ಕೆಂಪಾದ ಹಣ್ಣು ಕಿತ್ತು ನೀರಿನಲ್ಲಿ ಹಿಚುಕಿ, ತಿರುಳು ಚೆನ್ನಾಗಿ ತೊಳೆಯಿರಿ. ಒಂದೋ ಎರಡೋ ಬೀಜ ಸಿಗುತ್ತದೆ, ಮೇಲೆ ಸಣ್ಣ ನವಿರು ಇರುತ್ತದೆ. ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ಎತ್ತಿಡಬೇಡಿ. ನಾನು ಮೊದಲ ಸಲ ಹಾಗೇ ಮಾಡಿ ಎರಡು ತಿಂಗಳು ಬಿಟ್ಟು ಹಾಕಿದೆ, ಒಂದೂ ಮೊಳೆಯಲಿಲ್ಲ. ಹಣ್ಣು ಕಿತ್ತ ದಿನವೇ ಅಥವಾ ಮಾರನೇ ದಿನ ಹಾಕಿಬಿಡಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ ಕಲಸಿ, ಬೀಜವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಇಟ್ಟು, ನೆರಳಿನಲ್ಲಿ ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಮೂರು ನಾಲ್ಕು ವಾರದಲ್ಲಿ ಮೊಳಕೆ ಬರುತ್ತದೆ. ನಾಲ್ಕೈದು ಎಲೆ ಬಂದ ಮೇಲೆ ಬೇರೆ ಬೇರೆ ಕವರಿಗೆ ಹಾಕಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು, ಅದು ನಿಜ.

ಕಾಯಲಾಗದವರು ಮಳೆಗಾಲದಲ್ಲಿ ಕಡ್ಡಿ ನೆಡಬಹುದು. ತೀರಾ ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ ತೆಗೆದು, ಕೆಳಗಿನ ಎಲೆ ಕಿತ್ತು, ಬೇರು ಬರಿಸುವ ಪುಡಿ ಹಚ್ಚಿ ನೆಟ್ಟು ಪ್ಲಾಸ್ಟಿಕ್ ಕವರ್ ಮುಚ್ಚಿಡಿ. ದಾಸವಾಳದಷ್ಟು ಸಲೀಸಾಗಿ ಬೇರು ಬಿಡುವುದಿಲ್ಲ, ಎಷ್ಟೋ ಕಡ್ಡಿ ಸುಮ್ಮನೆ ಒಣಗುತ್ತವೆ. ಕಡ್ಡಿ ಕೊಡುವ ಗಿಡದ ಚಿಗುರನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿಯೇ ತನ್ನಿ.

ಇನ್ನೊಂದು ಮಾತು. ಬೇಲಿಯನ್ನು ತಿಂಗಳು ತಿಂಗಳು ಕತ್ತರಿಸುತ್ತಿದ್ದರೆ ಹೂವೂ ಇಲ್ಲ, ಹಣ್ಣೂ ಇಲ್ಲ, ಬರೀ ಹೊಸ ಚಿಗುರು. ಕೀಟ ಮೊಟ್ಟೆ ಇಡುವುದು ಆ ಎಳೆ ಚಿಗುರಿನಲ್ಲೇ. ಒಂದು ಮೂಲೆಯನ್ನಾದರೂ ಕತ್ತರಿ ಹಾಕದೆ ಬಿಡಿ. ನಮ್ಮ ಮನೆಯಲ್ಲಿ ಹಾಗೆ ಬಿಟ್ಟ ಗಿಡಕ್ಕೆ ಪಿಕಳಾರ ಹಕ್ಕಿಗಳು ಬೆಳಿಗ್ಗೆಯೇ ಬಂದು ಕೂರುತ್ತವೆ, ಅವಕ್ಕಿಂತ ಮೊದಲು ಎದ್ದರೆ ಬೀಜ ನಮಗೆ.

ನಿಮ್ಮ ಪತ್ರಿಕೆಯವರು ಮಳೆ ಶುರುವಾಗುವ ಮೊದಲೇ ಈ ಕೀಟದ ಫೋಟೋ ದೊಡ್ಡದಾಗಿ ಹಾಕಬೇಕು. ಗಿಡ ಮಾರುವವರೂ ಮುರುಟಿದ ಚಿಗುರಿನ ಕುಂಡವನ್ನು ಮಾರಾಟದಿಂದ ತೆಗೆದಿಡಬೇಕು. ನಿಂಬೆ ಗಿಡ ಇರುವ ಮನೆಯವರು ಕುಂಡ ಕೊಂಡೇ ತೀರಬೇಕಾದರೆ ಒಂದು ತಿಂಗಳು ದೂರದಲ್ಲಿಟ್ಟು, ಚಿಗುರು ನೋಡಿ, ಆಮೇಲೆ ಒಳಗೆ ತನ್ನಿ.

ಓದುಗರೊಬ್ಬರು, ಮೈಸೂರು