ಅಡಿಕೆ ಧಾರಣೆ ಪುಟ ಖಾಲಿ ಬರುತ್ತಿರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ.

ನಾವು ಧಾರಣೆ ನೋಡುವ ಜಾಲತಾಣ ಕ್ರೋಮ್‌ನಲ್ಲಿ ಸರಿಯಾಗಿದೆ. ಆದರೆ ಫೈರ್‌ಫಾಕ್ಸ್ ಮತ್ತು ಐಫೋನ್‌ನಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಗಳ ಧಾರಣೆ ಪಟ್ಟಿಯೇ ಬರುತ್ತಿಲ್ಲ ಎಂದು ಸಾಗರ, ತೀರ್ಥಹಳ್ಳಿ ಕಡೆಯ ಸದಸ್ಯರು ಹೇಳಿದ್ದಾರೆ. ಭಾನುವಾರ ಸಂಜೆ ಎಲ್ಲರ ಪರವಾಗಿ ಜಾಲತಾಣದವರಿಗೆ ಒಂದೇ ಮೇಲ್ ಕಳಿಸೋಣ. ತೊಂದರೆ ಇರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.

ಮೊದಲು ಬೇರೆ ಜಾಲತಾಣ ತೆರೆಯುತ್ತದೆಯೇ ನೋಡಿ. ಮಳೆಗೆ ಟವರ್ ಹೋದರೂ ಪುಟ ಖಾಲಿಯೇ ಅಲ್ವಾ? ನೆಟ್ ಇದ್ದರೆ ಇನ್‌ಕಾಗ್ನಿಟೋದಲ್ಲಿ (ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ) ಒಮ್ಮೆ ತೆರೆಯಿರಿ. ಆಗಲೂ ಬಾರದಿದ್ದರೆ ಪುಟದ ಲಿಂಕ್, ಫೋನ್ ಮಾಡೆಲ್, ಬ್ರೌಸರ್ ಹೆಸರು ಮತ್ತು ವರ್ಷನ್, ಏನು ಒತ್ತಿದಾಗ ಏನಾಯಿತು ಎಂದು ಬರೆಯಿರಿ. ಸುಮ್ನೆ ‘ಓಪನ್ ಆಗ್ತಿಲ್ಲ’ ಎಂದರೆ ಅವರಿಗೆ ಸರಿಪಡಿಸಲು ದಾರಿಯೇ ಸಿಗುವುದಿಲ್ಲ. ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು, ಖಾತೆ ಸಂಖ್ಯೆ ಮಾತ್ರ ಮುಚ್ಚಿ ಹಾಕಿ.

ಬ್ರೌಸರ್ ಬದಲಿಸಿಕೊಳ್ಳಿ ಎಂದು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಐಫೋನ್‌ನವರಿಗಂತೂ ಅದರಿಂದ ಉಪಯೋಗ ಕಡಿಮೆ. ನಮ್ಮ ದೇಶದಲ್ಲಿ ಐಫೋನ್‌ನ ಕ್ರೋಮ್ ಕೂಡ ಅದರದೇ ಬ್ರೌಸರ್ ಸಫಾರಿಯ ವೆಬ್‌ಕಿಟ್ ಎಂಜಿನ್ (ಪುಟವನ್ನು ತೆರೆದು ತೋರಿಸುವ ಒಳಗಿನ ತಂತ್ರಾಂಶ) ಮೇಲೆಯೇ ಓಡುತ್ತದೆ.

ತೊಂದರೆ ಇಲ್ಲದವರೂ ‘ಸರಿ ಇದೆ’ ಎಂದು ಫೋನ್, ಬ್ರೌಸರ್ ಹೆಸರಿನ ಜೊತೆ ದಯವಿಟ್ಟು ಉತ್ತರಿಸಿ. ಮೇಲ್‌ನಲ್ಲಿ ಎರಡನ್ನೂ ಸೇರಿಸುತ್ತೇನೆ.