ಕುಸಿಯದ ದಿನಗಳ ಲೆಕ್ಕವೂ ಬೇಕು

ಸಂಪಾದಕರೇ,

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ನಮ್ಮ ಕೊಡಗಿನ ಗುಡ್ಡ ಕುಸಿತಗಳ ಒಂದು ಪಟ್ಟಿ ಬರುತ್ತದೆ. 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರೂ ಆಗಸ್ಟ್‌ನಲ್ಲೇ. ಓದಿದವರು 'ಇನ್ನು ಪ್ರತಿ ಆಗಸ್ಟ್‌ಗೂ ಇದೇ ಗತಿ' ಅನ್ನುತ್ತಾರೆ. ಕೆಲವರು ಮಾತ್ರ 'ನೂರು ವರ್ಷಕ್ಕೊಮ್ಮೆ ಬರೋ ಮಳೆ, ನಮ್ಮ ಕಾಲಕ್ಕೆ ಮುಗೀತು' ಅಂತ ಹೊಸ ಮನೆಗೆ ಗುಡ್ಡ ಕೊರೆಸುತ್ತಾರೆ. ನೂರು ವರ್ಷಕ್ಕೊಮ್ಮೆ ಅಂದರೆ ವರ್ಷ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ, ಅಷ್ಟೇ. ಕಳೆದ ವರ್ಷ ಬಂತು ಅಂತ ಈ ವರ್ಷ ರಜೆ ಸಿಗುವುದಿಲ್ಲ. ಮನೆ 30 ವರ್ಷ ನಿಂತರೆ, ಅಷ್ಟರಲ್ಲಿ ಒಮ್ಮೆಯಾದರೂ ಅಂಥ ಮಳೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 26ಕ್ಕೆ ಏರುತ್ತದೆ.

ನನ್ನ ತಕರಾರು ಆ ಪಟ್ಟಿಯದ್ದೇ. ಅದರಲ್ಲಿ ಕುಸಿದ ದಿನ ಮಾತ್ರ ಇರುತ್ತದೆ. ನಮ್ಮ ತೋಟದಲ್ಲಿ ಮಾವನವರ ಕಾಲದಿಂದ ಮಳೆ ಪುಸ್ತಕ ಇದೆ. ಬೆಳಿಗ್ಗೆ ಅಳತೆ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆಯುವುದು ಈಗ ನನ್ನ ಕೆಲಸ. ಪಕ್ಕದಲ್ಲಿ ಮಾವ ಪೆನ್ಸಿಲಿನಲ್ಲಿ 'ಕೆರೆ ಕೋಡಿ', 'ಮೇಲಿನ ಬರೆ ಜಾರಿತು' ಅಂತ ಗೀಚಿದ್ದಾರೆ. ಬರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ. ಒಂದೇ ದಿನ ಐದಾರು ಇಂಚು ಸುರಿದರೂ ಏನೂ ಆಗದ ದಿನಗಳು ಅದರಲ್ಲಿ ಬೇಕಾದಷ್ಟಿವೆ. ವಾರವಿಡೀ ಹುಯ್ದು, ಕೊನೆಗೆ ಎರಡೇ ಇಂಚಿಗೆ ಬರೆ ಕೆಳಗಿಳಿದದ್ದೂ ಇದೆ. ಮಣ್ಣು ಮೊದಲೇ ನೀರು ಕುಡಿದಿರುತ್ತದೆ, ಅಲ್ವಾ?

1980ರಲ್ಲಿ ನೆಲ್ ಕೇನ್ ಎಂಬ ವಿಜ್ಞಾನಿ ಜಗತ್ತಿನ ಹಲವು ಕಡೆಯ ಕುಸಿತಗಳನ್ನು ಒಟ್ಟುಹಾಕಿ, ಎಷ್ಟು ಹೊತ್ತು ಎಷ್ಟು ಜೋರಾಗಿ ಸುರಿದರೆ ಅಪಾಯ ಎಂದು ಗೆರೆ ಎಳೆದರು. ಕೊಡಗಿಗೆ ನಮ್ಮದೇ ಗೆರೆ ಬೇಕಾದರೆ ಜೋರು ಮಳೆ ಬಂದೂ ಕುಸಿಯದ ದಿನಗಳು ಬೇಕೇ ಬೇಕು. ಇಲ್ಲದಿದ್ದರೆ ಎಷ್ಟು ಸಲ ಸುಮ್ನೆ ಜನರನ್ನು ಮನೆ ಬಿಡಿಸುತ್ತೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಎಣಿಕೆಯಲ್ಲೂ ಗೊಂದಲವಿದೆ. 2018ರಲ್ಲಿ ಒಂದೇ ಮಳೆಗೆ ಊರೂರಲ್ಲಿ ಗುಡ್ಡ ಜಾರಿತು. ರಸ್ತೆ ತೆರವು ಮಾಡುವವರಿಗೆ ಅವು ಬೇರೆ ಬೇರೆ. ಇಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಅಂತ ಲೆಕ್ಕ ಹಾಕುವವರಿಗೆ ಎಲ್ಲವೂ ಸೇರಿ ಒಂದೇ. ಹಿಂದೆಲ್ಲ ಕುಸಿತ ಕಮ್ಮಿ ಇತ್ತು ಅನ್ನುವುದನ್ನೂ ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ತೋಟದೊಳಗೆ ಜಾರಿದ್ದು ಯಾವ ಪೇಪರಿಗೆ ಬರುತ್ತಿತ್ತು?

ದಯವಿಟ್ಟು ದಿನದ ಮಳೆ ವಿವರದ ಜೊತೆ ಹಿಂದಿನ ಹತ್ತು ದಿನದ ಒಟ್ಟು ಮಳೆಯನ್ನೂ ಹಾಕಿ. ಕುಸಿತದ ಸುದ್ದಿಯಲ್ಲಿ ಗಂಟೆ ಬರೆಯಿರಿ, 'ತಡರಾತ್ರಿ' ಅಂದರೆ ಸಾಲದು. ರಸ್ತೆ ಬದಿಯ ಬರೆಯೋ, ಇಡೀ ಗುಡ್ಡವೋ ಅನ್ನುವುದೂ ಇರಲಿ. ಜೆಸಿಬಿ ಕೊರೆದ ಬರೆ ಬೀಳಲು ಅಷ್ಟೊಂದು ಮಳೆ ಬೇಕಿಲ್ಲ. ಮಳೆ ಪುಸ್ತಕ ಇಟ್ಟಿರುವ ಬೆಳೆಗಾರರು ಇಲ್ಲಿ ಜಾಸ್ತಿ ಇದ್ದಾರೆ. ಕೇಳಿದರೆ ಕೊಡುತ್ತಾರೆ, ನಮ್ಮದಂತೂ ಯಾವಾಗ ಬೇಕಾದರೂ ಬಂದು ಫೋಟೊ ತೆಗೆದುಕೊಳ್ಳಬಹುದು.

– ಒಬ್ಬ ಕಾಫಿ ಬೆಳೆಗಾರ್ತಿ, ಮಾದಾಪುರ, ಸೋಮವಾರಪೇಟೆ ತಾಲ್ಲೂಕು